ಹದಿನೇಳು ಸೊನ್ನೆ ಒಂಬತ್ತು

ಬಸ್ಸು ಹೊಸನಗರ ಬಿಟ್ಟು ಎಷ್ಟೋ ದೂರ ಬಂದಿದ್ದರೂ ಸುಪ್ರಿಯಾಳ ಕಣ್ಣೆದುರಿಗೆ ಇದ್ದದ್ದು ಅಮ್ಮನ ಕೈ. ನಿನ್ನೆ ಊಟದ ಹೊತ್ತಿಗೆ ಆ ಕೈ ಸುಷ್ಮಾಳ ತಟ್ಟೆಗೆ ಕೇಳದೆಯೇ ಇನ್ನೊಂದು ಅಕ್ಕಿರೊಟ್ಟಿ ಹಾಕಿತ್ತು, ಮೀನಿನ ನಡುತುಂಡನ್ನೇ ಹುಡುಕಿ ಬಡಿಸಿತ್ತು, ಅದೂ ಸಾಲದೆಂಬಂತೆ ಅವಳ ತಲೆಯನ್ನೊಮ್ಮೆ ಸವರಿತ್ತು. ಮನೆಗೆ ಬಂದವರಿಗೆ ಬಡಿಸುವುದರಲ್ಲಿ ಅಮ್ಮ ಮೀನಾಕ್ಷಮ್ಮ ಯಾವತ್ತೂ ಕೈ ಹಿಡಿದವಳಲ್ಲ. ಆದರೆ ನಿನ್ನೆಯದರಲ್ಲಿ ಬೇರೆಯದೇ ಒಂದು ಅವಸರವಿತ್ತು. ಚೌಡಿಗೆ ಹರಕೆಯೆಂದು ಬಿಟ್ಟ ಕೋಳಿಗೆ ಅಂಗಳದಲ್ಲಿ ಅಕ್ಕಿ ಎರಚುವಾಗಲೂ ಅಮ್ಮನ ಮುಖ ಹೀಗೇ ಮೆತ್ತಗಾಗುತ್ತದೆ ಎಂದು ಹೊಳೆದದ್ದೇ ತಡ, ಸುಪ್ರಿಯಾಳ ಬಾಯೊಳಗಿನ ತುತ್ತು ಒಳಗೂ ಹೋಗದೆ ಹೊರಗೂ ಬರದೆ ನಿಂತಿತ್ತು. ಸುಷ್ಮಾಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. "ಅಮ್ಮ, ನೀವು ಹಿಂಗೆ ತಿನ್ಸಿದ್ರೆ ಬೆಲ್ಟಿಗೆ ಹೊಸ ತೂತು ಹೊಡಿಸ್ಬೇಕಾಗ್ತದೆ" ಎಂದು ಬೆರಳು ನೆಕ್ಕಿದ್ದಳು. ಈಗ ಅದೇ ಸುಷ್ಮಾ ಕಿಟಕಿಯ ಗಾಳಿಗೆ ಬಾಯಿ ತೆರೆದುಕೊಂಡು ಸುಪ್ರಿಯಾಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಇಬ್ಬರೂ ತರಬೇತಿ ಮುಗಿಸಿ ಬಂದ ಹೊಸ ಮಹಿಳಾ ಕಾನ್‌ಸ್ಟೇಬಲ್‌ಗಳು. ಇವತ್ತು ತೀರ್ಥಹಳ್ಳಿಯಲ್ಲಿ ಕೆಲಸಕ್ಕೆ ಹಾಜರಾಗಬೇಕು. ಹಾಜರಿಗೆ ಮುಂಚೆ ಠಾಣೆಯ ದಾಖಲೆ ಬರೆಯುವ ರೈಟರ್ ನಟರಾಜ್ ಎದುರು ನಿಂತು, ನಮ್ಮಿಬ್ಬರ ನಂಬರು ಅದಲುಬದಲು ಮಾಡಿಕೊಡಿ ಸಾರ್ ಎಂದು ಬಾಯಿಬಿಟ್ಟು ಹೇಳಬೇಕು. ಅಷ್ಟು ಹೇಳಿದರೆ ಮುಗಿಯಿತು, ಕೆಟ್ಟ ನಂಬರು ಸುಷ್ಮಾಳ ಭುಜಕ್ಕೆ ಹೋಗುತ್ತದೆ. ಅದು ಕೆಟ್ಟದ್ದೆಂದು ಅವಳಿಗೆ ಗೊತ್ತಿಲ್ಲ.

ಕಾನ್‌ಸ್ಟೇಬಲ್ ಆದವರಿಗೆ ಹೆಸರಿಗಿಂತ ನಂಬರೇ ಹತ್ತಿರ ಎನ್ನುವುದು ಸುಪ್ರಿಯಾಗೆ ತರಬೇತಿಯಲ್ಲೇ ತಿಳಿದಿತ್ತು. ಒಬ್ಬರು ಮೇಲಿನ ಹುದ್ದೆಗೆ ಹೋದರೆ, ನಿವೃತ್ತರಾದರೆ, ಸತ್ತರೆ, ಅವರ ನಂಬರು ಖಾಲಿಯಾಗಿ ಕಾಯುತ್ತದೆ. ಹೊಸಬರು ಬಂದಾಗ ಯಾರದೋ ಹಳೆಯ ನಂಬರು ಯಾರ ಮೇಲೋ ಬಂದು ಕೂರುತ್ತದೆ. ತೀರಿಕೊಂಡ ಹಿರಿಯರ ಹೆಸರನ್ನು ಕೂಸಿಗೆ ಇಡುವ ಹಾಗೆ, ಆದರೆ ಇಲ್ಲಿ ಯಾರು ಯಾರ ಹಿರಿಯರೋ ಗೊತ್ತಿರುವುದಿಲ್ಲ. ಅವಳಿಗೆ ಬಂದದ್ದು ಹದಿನೇಳು ಸೊನ್ನೆ ಒಂಬತ್ತು. ಸುಷ್ಮಾಗೆ ಹದಿನೇಳು ಹದಿನೈದು. ನಟರಾಜ್ ಅಪ್ಪಯ್ಯನ ಪರಿಚಯದವನು. ನಂಬರು ಕೇಳಿದವನೇ ಫೋನಿನಲ್ಲಿ ದನಿ ತಗ್ಗಿಸಿ, "ಮಂಜುನಾಥಪ್ಪ, ನಾನು ಇಂಥದ್ದನ್ನೆಲ್ಲ ನಂಬವ್ನಲ್ಲ. ಆದ್ರೂ ಹೇಳ್ಬೇಕು ನೋಡು" ಎಂದು ಶುರುಮಾಡಿದ್ದ. ಆ ನಂಬರಿನವನೊಬ್ಬ ತುಂಗೆಯಲ್ಲಿ ಮುಳುಗಿ ಸತ್ತ. ಅವನ ಹಿಂದಿನವನು ಯಾವುದೋ ತನಿಖೆಯಲ್ಲಿ ಸಿಕ್ಕಿಬಿದ್ದು ಮನೆಗೆ ಹೋದ. ಆಮೇಲೆ ಗಂಡಸರು ಯಾರೂ ಅದನ್ನು ಮುಟ್ಟಲಿಲ್ಲ, ಕೊಪ್ಪಳದ ಕಡೆಯ ಒಬ್ಬ ಹೆಂಗಸಿಗೆ ಕಟ್ಟಿದರು. ಅಪ್ಪಯ್ಯ ಫೋನಿನ ಸ್ಪೀಕರ್ ಹಾಕಿದ್ದ. ಒಲೆಯ ಮುಂದೆ ಕೂತಿದ್ದ ಅಮ್ಮ ಊದುಕೊಳವೆಯನ್ನು ಕೆಳಗಿಟ್ಟದ್ದು ಸುಪ್ರಿಯಾಗೆ ಕೇಳಿಸಿತ್ತು. ಮರುದಿನವೇ ಅಮ್ಮ ಮಗಳನ್ನು ಕರೆದುಕೊಂಡು ಸಾಗರದ ಬಸ್ಸು ಹತ್ತಿದ್ದಳು.

ಸಾಗರದ ಗಣೇಶಮೂರ್ತಿಗಳು ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದವರು. ಮನೆಮನೆಗೆ ಕಂಪ್ಯೂಟರ್ ಬಂದು ಅವರ ಯಂತ್ರಗಳು ತುಕ್ಕು ಹಿಡಿದ ಮೇಲೂ ಇಂಗ್ಲಿಷ್ ಅಕ್ಷರಗಳ ಸಹವಾಸ ಬಿಡಲಾಗದೆ ಸಂಖ್ಯಾಶಾಸ್ತ್ರಕ್ಕೆ ಇಳಿದಿದ್ದರು. ಲೆಕ್ಕ ಹಾಕುವಾಗ ಅವರ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಆಡುತ್ತಿದ್ದವು, ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು. ಸುಪ್ರಿಯಾ ಅದನ್ನೇ ನೋಡುತ್ತಿದ್ದಳು. ತೋರಿಸಿದ ಕುರ್ಚಿಯಲ್ಲಿ ಅವಳು ಕೂತಿದ್ದಳು, ಅಮ್ಮ ಜಗಲಿಯ ಅಂಚಿನಲ್ಲಿ. ಇಂಥ ಮನೆಗಳ ಜಗಲಿಯಲ್ಲಿ ಎಷ್ಟು ಒಳಗೆ ಬರಬಹುದು ಎನ್ನುವುದು ಅಮ್ಮನ ಕಾಲಿಗೆ ಅವಳ ಅತ್ತೆ ಮಾವನ ಗೇಣಿಯ ಕಾಲದಿಂದ ಬಂದ ಪಾಠ. ಗಣೇಶಮೂರ್ತಿಗಳ ಹೆಂಡತಿ ಅನ್ನಪೂರ್ಣೇಶ್ವರಿ ಬಂದು, "ಅಯ್ಯ, ಅಲ್ಲೆಂತಕ್ಕೆ ಕೂತ್ರಿ, ಮೇಲೆ ಬನ್ನಿ" ಎಂದು ಕೈ ಹಿಡಿದರೂ ಅಮ್ಮ, "ಇಲ್ಲೇ ಗಾಳಿ ಚಲೋ ಬರತ್ತೆ ಅಮ್ಮ" ಎಂದು ನಕ್ಕಳು. ಕುರ್ಚಿ ತನ್ನ ಕೆಳಗೆ ದೊಡ್ಡದಾಗುತ್ತ ಹೋಗುತ್ತಿದೆ ಎಂದು ಸುಪ್ರಿಯಾಗೆ ಅನ್ನಿಸಿತು. ಎದ್ದು ಅಮ್ಮನ ಪಕ್ಕ ಹೋಗಿ ಕೂರಬೇಕು, ಇಲ್ಲವೇ ಅಮ್ಮನನ್ನು ಎಬ್ಬಿಸಿ ತರಬೇಕು. ಎರಡೂ ಆಗಲಿಲ್ಲ. ಅವಳು ಮಾಡದೇ ಬಿಟ್ಟ ಕೆಲಸಗಳೆಲ್ಲ ಹೀಗೇ, ಎರಡು ದಾರಿಗಳ ನಡುವೆ ಕೂತಲ್ಲೇ ಕೂತಿದ್ದರಿಂದ ಉಳಿದುಹೋದವು.

"ಹುಟ್ಟಿದ ತಾರೀಕು ಇಪ್ಪತ್ತಾರು. ಎರಡೂ ಆರೂ ಎಂಟು" ಎಂದರು ಗಣೇಶಮೂರ್ತಿಗಳು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತ. "ನಂಬರಿನ ಅಂಕಿ ಕೂಡಿಸಿದ್ರೆ ಹದಿನೇಳು. ಅದೂ ಎಂಟಕ್ಕೇ ಇಳೀತು. ಎಂಟು ಅಂದ್ರೆ ಶನಿ. ಶನಿಯ ಹೆಗಲ ಮೇಲೆ ಶನಿ ಕೂತ ಹಾಗಾಯ್ತಲ್ಲ ತಂಗಿ." ಮತ್ತೆ ಒಳಗೆ ತಿರುಗಿ, "ಏ ಇವಳೇ, ಎಂತ ಮಾಡ್ತಾ ಇದ್ಯೇ? ಕಷಾಯ ಆತಾ?" ಎಂದರು. "ಬತ್ತೆ, ಹಾಲು ಒಲೆ ಮೇಲಿದ್ದು" ಎಂಬ ಉತ್ತರ ಒಳಗಿಂದ ಬಂತು. ಅಮ್ಮನ ಮುಖ ಕಪ್ಪಿಟ್ಟದ್ದು ನೋಡಿ ಅವರಿಗೇ ಕನಿಕರವಾಯಿತೇನೋ, ಸಮಾಧಾನಕ್ಕೆಂದು ಹುದ್ದೆಯ ಹೆಸರನ್ನೂ ಲೆಕ್ಕಕ್ಕೆ ಹಾಕಿದರು. 'ಪೊಲೀಸ್' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದರೆ ಇಪ್ಪತ್ತೇಳು, ಅಂದರೆ ಒಂಬತ್ತು, ಕುಜ, ಆಯುಧ ಹಿಡಿದವನು. 'ಕಾನ್‌ಸ್ಟೇಬಲ್' ಕೂಡಿಸಿದರೆ ಮೂವತ್ತಮೂರು, ಅಂದರೆ ಆರು, ಶುಕ್ರ. "ಹೆಣ್ಣಿಗೆ ಶುಕ್ರ ಬಂದ್ರೆ ಚಲೋದೇ. ಹುದ್ದೆ ತೊಂದರೆ ಇಲ್ಲೆ, ನಂಬರಿಂದೇ ತಕರಾರು." ಸುಪ್ರಿಯಾ, "ಕನ್ನಡದಲ್ಲಿ ಪೇದೆ ಅಂತಾರಲ್ಲ, ಅದಕ್ಕೆ ಎಷ್ಟು ಬರತ್ತೆ?" ಎಂದು ಕೇಳಿದಾಗ ಅವಳ ದನಿ ಅವಳಿಗೇ ಬೇರೆ ಯಾರದ್ದೋ ಹಾಗೆ ಕೇಳಿಸಿತು. ಅವರು ಪೇದೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಬೆರಳಾಡಿಸಿ, ತಲೆಯಾಡಿಸಿದರು. "ಇಪ್ಪತ್ತೆರಡು. ನಾಲ್ಕು. ರಾಹು. ನೀನು ಕಾನ್‌ಸ್ಟೇಬಲ್ ಅಂತಲೇ ಹೇಳ್ಕ ತಂಗಿ, ಪೇದೆ ಅನ್ನಡ." ಬದಲಿ ಸಿಕ್ಕರೆ ನೋಡಿ, ಕೂಡಿದರೆ ಐದು ಬರುವ ನಂಬರು ಉತ್ತಮ ಎಂದೂ ಹೇಳಿದರು. ಹದಿನೇಳು ಹದಿನೈದನ್ನು ಕೂಡಿಸಿದರೆ ಹದಿನಾಲ್ಕು. ಒಂದೂ ನಾಲ್ಕೂ ಐದು. ಅಮ್ಮನಿಗೆ ಆ ಲೆಕ್ಕ ಸುಪ್ರಿಯಾಗಿಂತ ಬೇಗ ಬಂದಿತ್ತು.

ವಾಪಸು ಬರುವಾಗ ಅಮ್ಮ ಹೇಳಿದ್ದು ಇಷ್ಟು: "ಆ ಹುಡುಗಿ ಗಟ್ಟಿಗಿತ್ತಿ ಕಣೆ. ಅವ್ಳಿಗೆ ಯಾವ್ದೂ ತಟ್ಟಲ್ಲ. ನೀನು ಹಂಗಲ್ಲ." ಸುಪ್ರಿಯಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅಂದು ಡೈರಿ ತೆರೆದು, ಗಟ್ಟಿಯಿದ್ದವರ ತಲೆಗೇ ಹೊರೆ ಹೊರಿಸುವುದು ಲೋಕದ ನಿಯಮವೇ ಎಂದು ಬರೆದು, ಬರೆದದ್ದು ತೀರಾ ಚೆನ್ನಾಗಿ ಕಂಡಿದ್ದರಿಂದಲೇ ನಾಚಿಕೆಯಾಗಿ ಹೊಡೆದುಹಾಕಿದಳು. ಆಮೇಲೆ ಸುಷ್ಮಾಗೆ ಫೋನು ಮಾಡಿ, ಹದಿನೇಳು ಹದಿನೈದು ನಮ್ಮ ಅಪ್ಪಯ್ಯನ ಬೈಕಿನ ನಂಬರು, ಅದೇ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದಳು. ಅವಳು ಆಡಿದ ಸುಳ್ಳುಗಳಲ್ಲಿ ಇಷ್ಟು ಸಲೀಸಾಗಿ ಬಾಯಿಂದ ಬಿದ್ದದ್ದು ಬೇರೊಂದಿರಲಿಲ್ಲ. "ಓ, ತಗಾ ಮಾರಾಯ್ತಿ, ನಂಗೆ ಯಾವ್ದಾದ್ರೇನು" ಎಂದು ಸುಷ್ಮಾ ಕೊಟ್ಟೇಬಿಟ್ಟಿದ್ದಳು, ಪಕ್ಕದ ಮನೆಗೆ ಕರಿಬೇವು ಕೊಟ್ಟ ಹಾಗೆ.

ಬಸ್ಸು ತಿರುವಿನಲ್ಲಿ ಜೋರಾಗಿ ವಾಲಿತು. ಸುಷ್ಮಾಳ ತಲೆ ಜಾರದ ಹಾಗೆ ಸುಪ್ರಿಯಾ ಹೆಗಲನ್ನು ಸ್ವಲ್ಪ ಎತ್ತಿ ಕೊಟ್ಟಳು. ಪದಗಳನ್ನು ಹಿಡಿದು ಅವುಗಳ ಊರು ಯಾವುದೆಂದು ಕೇಳುವುದು ಅವಳ ಹಳೆಯ ಚಟ. ಕನ್ನಡ ಎಂ.ಎ. ಮಾಡುವಾಗ ಗ್ರಂಥಾಲಯದ ನಿಘಂಟುಗಳ ಮುಂದೆ ಕೂತರೆ ಎದುರಿಗೆ ಮನುಷ್ಯರು ಇರುತ್ತಿರಲಿಲ್ಲ, ಅದೇ ದೊಡ್ಡ ಸುಖ. ಕೆಲಸ ಸಿಕ್ಕ ದಿನ ಯಾರೋ ನೆಂಟರು, "ಎಂ.ಎ. ಓದಿ ಕೊನೆಗೆ ಪೇದೆ" ಎಂದಿದ್ದರು, ಅವಳಿಗೆ ಕೇಳಿಸುವಷ್ಟೇ ಮೆಲ್ಲಗೆ. ಆ ಪದದ ಮೇಲೆ ಸಿಟ್ಟು ಬಂದು ಅದರ ಬೇರು ಹುಡುಕಿದ್ದಳು. ಪಾರಸಿಯಿಂದ ನಡೆದುಕೊಂಡೇ ಬಂದ ಪದ, ಕಾಲಾಳು, ಕುದುರೆಯಿಲ್ಲದವನು. ಇಂಗ್ಲಿಷಿನ ಪದಕ್ಕೆ ಮಾತ್ರ ಕುದುರೆಯಿತ್ತು. ಕಾನ್‌ಸ್ಟೇಬಲ್ ಎಂದರೆ ಮೂಲದಲ್ಲಿ ಕುದುರೆಲಾಯದ ಒಡೆಯ. ಲಾಯ ನೋಡಿಕೊಳ್ಳುತ್ತಿದ್ದವನು ಬೆಳೆಯುತ್ತ ಬೆಳೆಯುತ್ತ ಒಂದು ದೇಶದಲ್ಲಿ ರಾಜನ ಸೇನೆಗೇ ಯಜಮಾನನಾದ, ಇನ್ನೊಂದು ದೇಶದಲ್ಲಿ ಇಳಿಯುತ್ತ ಇಳಿಯುತ್ತ ಹಳ್ಳಿ ಕಾಯುವವನಾದ. ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವನು ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡು, "ಲಾಯ ಅಂದ್ರೆ ಕೊಟ್ಟಿಗೆನೇ ಅಲ್ವೇನೇ? ಸಗಣಿ ಬಾಚೋದು ನಮಗೆ ಯಾರೂ ಕಲಿಸ್ಬೇಕಾಗಿಲ್ಲ. ಹಂಗಾದ್ರೆ ನಾವು ಹುಟ್ಟಾ ಕಾನ್‌ಸ್ಟೇಬಲ್‌ಗಳೇ ಬಿಡು" ಎಂದಿದ್ದ. ಅವಳು ನಕ್ಕಿದ್ದಳು. ಆದರೆ ಅಜ್ಜಿ ಯಮುನಮ್ಮನ ಬಾಯಲ್ಲಿ ಪೇದೆ ಎಂಬುದಕ್ಕೆ ಪಾರಸಿಯೂ ಇಲ್ಲ, ಕುದುರೆಯೂ ಇಲ್ಲ. ಗೇಣಿ ಬಾಕಿಗೆ ಒಡೆಯರ ಕಡೆಯವರು ಭತ್ತ ಅಳೆದುಕೊಂಡು ಹೋಗಲು ಬರುವಾಗ ಜೊತೆಗೆ ಬರುತ್ತಿದ್ದವನು ಪೇದೆ. ಅವನು ಬಂದ ಎಂದರೆ ಮಕ್ಕಳು ಹುಲ್ಲುಗೊಣಬೆಯ ಹಿಂದೆ. ತರಬೇತಿ ಮುಗಿಸಿ ಸುಪ್ರಿಯಾ ಮೊದಲ ಸಲ ಖಾಕಿ ತೊಟ್ಟು ಮನೆಯ ಹೊಸಿಲು ದಾಟಿದಾಗ, ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ಮೊಮ್ಮಗಳು ಬಂದಳೆಂದು ಎದ್ದದ್ದಲ್ಲ, ಬಟ್ಟೆಯನ್ನು ನೋಡಿ ಎದ್ದದ್ದು. "ಅಜ್ಜಿ, ನಾನು" ಎಂದ ಮೇಲೆ ಹತ್ತಿರ ಬಂದು, ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಒಳ್ಳೇ ದಪ್ಪದ್ದು, ಚಳಿಗೂ ಆಗತ್ತೆ, ಬಾಳಿಕೆನೂ ಬರತ್ತೆ" ಎಂದಳು. ಆ ನಿಂತ ಕಾಲುಗಳನ್ನು ನೋಡಿದಾಗ ಆದ ಸಂಕಟವನ್ನು ಸುಪ್ರಿಯಾ ಡೈರಿಯಲ್ಲೂ ಬರೆದಿರಲಿಲ್ಲ.

ಈಗ ಬಸ್ಸಿನಲ್ಲಿ, ಕೈಗೆ ಬೇರೆ ಕೆಲಸವಿಲ್ಲದೆ, ಅವಳು ಗಣೇಶಮೂರ್ತಿಗಳ ಲೆಕ್ಕವನ್ನು ತಾನೇ ಹಾಕತೊಡಗಿದಳು. ಯಾವ ಅಕ್ಷರಕ್ಕೆ ಯಾವ ಅಂಕಿ ಎನ್ನುವುದು ಒಮ್ಮೆ ನೋಡಿದ್ದಕ್ಕೇ ಅಚ್ಚೊತ್ತಿತ್ತು. ಮೊದಲು ಸುಷ್ಮಾಳ ಹೆಸರು. ಒಳ್ಳೆಯದೇನಾದರೂ ಬರಲಿ, ನಂಬರಿನ ಕೇಡನ್ನು ಹೆಸರು ತಡೆಯುವ ಹಾಗಿರಲಿ, ಹಾಗಿದ್ದರೆ ತನ್ನ ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗೀತು ಎಂಬ ಕಳ್ಳ ಆಸೆ ಅದರಲ್ಲಿತ್ತು. ಮೂರು, ಆರು, ಮತ್ತೆ ಮೂರು, ಐದು, ನಾಲ್ಕು, ಒಂದು. ಇಪ್ಪತ್ತೆರಡು. ತಪ್ಪಿರಬೇಕೆಂದು ಇನ್ನೊಮ್ಮೆ ಕೂಡಿಸಿದಳು, ಇಪ್ಪತ್ತೆರಡೇ. ಪೇದೆಗೆ ಬಂದಿದ್ದೂ ಅಷ್ಟೇ. ತನ್ನ ಹೆಸರನ್ನು ಕೂಡಿಸುವಾಗ ಬೆರಳು ತೊಡೆಯ ಮೇಲೆ ನಿಧಾನವಾಯಿತು. ಅದೂ ಇಪ್ಪತ್ತೆರಡು. ಸುಪ್ರಿಯಾ, ಸುಷ್ಮಾ, ಪೇದೆ, ಮೂರೂ ಒಂದೇ ಮೊತ್ತ. ಯಾರಿಗೆ ಹೇಳಿದರೂ ನಂಬಲಿಕ್ಕಿಲ್ಲ. ಅವಳಿಗೆ ನಗು ಬಂತು. ಆ ನಗುವಿನ ಬಾಲ ಹಿಡಿದೇ ಇನ್ನೊಂದು ಬಂತು, ಅದು ನಗುವಾಗಿರಲಿಲ್ಲ. ಲೆಕ್ಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸಿತ್ತು. ಗಟ್ಟಿ ಯಾರು ಮೆದು ಯಾರು ಎಂದು ವಿಂಗಡಿಸಿದ್ದು ಶನಿಯೂ ಅಲ್ಲ, ರಾಹುವೂ ಅಲ್ಲ. ಬಾಯಿ ಬಿಡದೆ ಕೂತ ತಾನು.

ಕೋಣಂದೂರಿನಲ್ಲಿ ಬಸ್ಸು ನಿಂತಾಗ ಸುಷ್ಮಾ ಎಚ್ಚರಗೊಂಡು, ಸುಪ್ರಿಯಾಳ ಹೆಗಲು ಒರೆಸಿ, "ಜೊಲ್ಲು ಸುರ್ಸಿದ್ನಾ? ಸ್ಟಾರ್ಚ್ ಹಾಕಿದ್ದೆಲ್ಲ ಹೋಯ್ತು ನೋಡು" ಎಂದಳು. ಕೆಳಗಿಳಿದು ಹೋಗಿ ಎರಡು ಲೋಟ ಚಹಾ ತಂದಳು, ಒಂದರಲ್ಲಿ ಬೆರಳು ಅದ್ದಿಕೊಂಡೇ. ಸುಷ್ಮಾಳ ಮನೆ ಹೊಳೆಬಾಗಿಲಿನ ಆಚೆ, ಲಿಂಗನಮಕ್ಕಿಯ ಹಿನ್ನೀರು ಮೂರು ಕಡೆ ಸುತ್ತಿದ ಒಂದು ದಿಬ್ಬದ ಮೇಲೆ. ಅವಳ ಅಪ್ಪ ರಾಮಚಂದ್ರಪ್ಪ ಲಾಂಚಿನಲ್ಲಿ ಹಗ್ಗ ಎಸೆಯುವ ಕೆಲಸದಲ್ಲಿದ್ದವನು. ಈಗ ಸೇತುವೆಯಾಗಿ, ಬಸ್ಸುಗಳು ನೀರಿನ ಮೇಲೇ ಹಾರಿಕೊಂಡು ಹೋಗುವಾಗ, ದಡದಲ್ಲಿ ನಿಂತು ನೋಡುತ್ತಾನಂತೆ.

"ನಮ್ಮಪ್ಪಂಗೆ ಸೇತುವೆ ಮೇಲೆ ಹೋದ್ರೆ ತಲೆ ತಿರುಗ್ತದಂತೆ. ನೀರಿನ ಮೇಲೆ ಇರೋವಾಗ ಏನೂ ಆಗ್ತಿರ್ಲಿಲ್ಲ. ಎಂಥಾ ಮನುಷ್ಯ ಮಾರಾಯ್ತಿ" ಎಂದು ಸುಷ್ಮಾ ನಕ್ಕಳು. "ನಂಗೆ ನಡಿಯೋಕೆ ಮುಂಚೆ ಈಜು ಬಂತಂತೆ. ತೀರ್ಥಹಳ್ಳಿ ಹಾಕಿದ್ದು ಚಲೋನೇ ಆಯ್ತು, ಹೊಳೆ ಉಂಟಲ್ಲ. ಯಾರಾದ್ರೂ ನೀರಿಗೆ ಬಿದ್ರೆ ಮೊದ್ಲು ಹಾರೋದು ನಾನೇ. ಒಂದು ಮೆಡಲ್ಲು ಗ್ಯಾರಂಟಿ."

ಸುಪ್ರಿಯಾ ಚಹಾದ ಲೋಟವನ್ನು ಸೀಟಿನ ಮೇಲಿಟ್ಟಳು. ಹೇಳಬೇಕು, ಈಗಲೇ. ಸುಷ್ಮಾ, ಆ ನಂಬರಿದೆಯಲ್ಲ. ಅಷ್ಟು ಹೇಳಿದರೆ ಉಳಿದದ್ದು ತಾನೇ ಬರುತ್ತದೆ. ಬಾಯಿ ತೆರೆದಳು. ಅದೇ ಹೊತ್ತಿಗೆ ಫೋನು ಅಲುಗಿತು, ಅಮ್ಮ. "ಹಾಜರಿಗೆ ಮುಂಚೆನೇ ಹೇಳ್ಬೇಕಂತೆ ಕಣೆ, ಆಮೇಲೆ ಆಗಲ್ಲಂತೆ. ನಾಚಿಕೆ ಪಡ್ಕಂಡು ನಿಲ್ಬೇಡ." ಸುಪ್ರಿಯಾ ಹ್ಞೂಂ ಎಂದಳು. "ಅಮ್ಮಂದಾ? ಮೀನುಸಾರು ಇನ್ನೂ ಬಾಯಲ್ಲೇ ಉಂಟು ಅಂತ ಹೇಳು" ಎಂದಳು ಸುಷ್ಮಾ. ಸುಪ್ರಿಯಾ ಹೇಳಿದಳು. ಆ ಕಡೆ ಅಮ್ಮ ಫೋನು ಇಟ್ಟುಬಿಟ್ಟಳು. ಬಸ್ಸು ಹೊರಟಿತು. ಹೇಳಬೇಕಾದದ್ದು ಉಳಿದೇಹೋಯಿತು. ತರಬೇತಿಯಲ್ಲೂ ಹೀಗೇ ಆಗುತ್ತಿತ್ತು. ಸಾಲಿನಲ್ಲಿ ನಿಂತು ಕೂಗುವ ಸರದಿ ಬಂದಾಗ ಅವಳ ದನಿ ಹಲ್ಲಿನವರೆಗೆ ಬಂದು ಹಿಂದಿರುಗುತ್ತಿತ್ತು. ಡ್ರಿಲ್ಲಿನ ಉಸ್ತಾದರು ಅವಳನ್ನು ಮೈದಾನದ ಗೋಡೆಯ ಮುಂದೆ ನಿಲ್ಲಿಸಿ ಕೂಗಿಸಿದ್ದರು. "ಗೋಡೆಗೇ ಕೇಳಿಸ್ತಿಲ್ಲ, ಕಳ್ಳನಿಗೆ ಕೇಳಿಸುತ್ತೇನಮ್ಮ?" ಹಿಂದೆ ಹುಡುಗಿಯರೆಲ್ಲ ನಕ್ಕಿದ್ದರು. ನಗದೆ, ಗೋಡೆಯ ಆಚೆ ಬದಿಗೆ ಓಡಿಹೋಗಿ, "ಕೇಳಿಸ್ತು ಉಸ್ತಾದ್, ಇಲ್ಲಿಗೇ ಕೇಳಿಸ್ತು" ಎಂದು ಕೂಗಿ ತಾನೂ ಶಿಕ್ಷೆ ತಿಂದವಳು ಸುಷ್ಮಾ.

ತೀರ್ಥಹಳ್ಳಿಯಲ್ಲಿ ಮಳೆಗಾಲ ಕಳೆದು ಹಗುರಾದ ಬಿಸಿಲು. ತುಂಗೆ ಇಳಿದು, ನಡುವಿನ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ಠಾಣೆಯ ಅಂಗಳದಲ್ಲಿ ಸಾಲು ನಿಲ್ಲಲು ಇನ್ನೂ ಹೊತ್ತಿತ್ತು. ಠಾಣೆ ಎಂಬ ಪದದ ಮೂಲ ಸ್ಥಾನ, ನಿಲ್ಲುವ ಜಾಗ ಎಂದು ಸುಪ್ರಿಯಾಳ ತಲೆಯೊಳಗಿನ ನಿಘಂಟು ಸಮಯ ಸಂದರ್ಭವಿಲ್ಲದೆ ತೆರೆದುಕೊಂಡಿತು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅವಳು ಮೆಟ್ಟಿಲ ಬಳಿ ಟ್ರಂಕಿಗೆ ಕಾಲು ತಾಗಿಸಿಕೊಂಡು ನಿಂತಳು. ಒಳಗಿನಿಂದ ಅಗಲ ಮುಖದ, ದಪ್ಪ ಕುಂಕುಮದ ಹೆಂಗಸೊಬ್ಬಳು ಬಂದಳು. ಭುಜದ ಮೇಲೆ ನಕ್ಷತ್ರ, ಎದೆಯ ಮೇಲೆ ಹುಲಿಗೆಮ್ಮ ಎಂಬ ಹೆಸರಿನ ಪಟ್ಟಿ. ಎ.ಎಸ್.ಐ. ಇಬ್ಬರೂ ಸೆಲ್ಯೂಟ್ ಹೊಡೆದರು.

"ಅದಿರ್ಲಿ, ನನ್ನ ನಂಬರ ಯಾರಿಗೆ ಬಂದೈತಿ?" ಎಂದಳು ಹುಲಿಗೆಮ್ಮ, ಮಗುವಿನ ಮುಖ ನೋಡಲು ಬಂದವಳ ಆತುರದಲ್ಲಿ. "ಹದಿನೇಳು ಸೊನ್ನಿ ಒಂಬತ್ತು. ಹೆಣ್ಣುಮಗಳಿಗೆ ಬಂದೈತಿ ಅಂದ್ರು, ಅದಕ್ಕ ಮುಂಜಾನಿಂದ ಕಾಯಾಕತ್ತೀನಿ."

ಕರ್ಚೀಫಿನ ಗಂಟು ಬಿಚ್ಚಿದಳು. ಒಳಗೆ ಹಿತ್ತಾಳೆಯ ಅಂಕಿಗಳು, ಎರಡು ಭುಜಕ್ಕೆ ಎರಡು ಜೊತೆ. ಹುಣಸೆಹಣ್ಣು ಹಾಕಿ ಉಜ್ಜಿದ್ದು ವಾಸನೆಯಿಂದಲೇ ತಿಳಿಯುತ್ತಿತ್ತು. ಅಂಚುಗಳು ಸವೆದು ಮಿದುವಾಗಿದ್ದವು. "ಈ ಠಾಣ್ಯಾಗ ಹಿಂಗೊಂದು ಪದ್ಧತಿ. ನಂಬರ ಬಿಟ್ಟವರು ಇದ್ರ, ಬಂದವರಿಗೆ ತಾವೇ ಹಚ್ಚಬೇಕು. ನನಗ ಹಚ್ಚಾಕ ಯಾರೂ ಇರಲಿಲ್ಲ. ನಾನೇ ಕನ್ನಡಿ ಮುಂದ ನಿಂತು ಹಚ್ಚಿಕೊಂಡೆ." ಸ್ವಲ್ಪ ತಡೆದು, "ಎ.ಎಸ್.ಐ. ಆದ ಮ್ಯಾಲ ನಂಬರ ಇರೂದಿಲ್ಲ, ಬರೇ ಹೆಸರು. ಅಷ್ಟು ವರ್ಷ ಯಾರೂ ಹುಲಿಗೆಮ್ಮ ಅಂದಿರಲಿಲ್ಲ. ಹೆಸರು ತಿರುಗಿ ಬಂದ ದಿನ ಖುಷಿ ಆಗಬೇಕಿತ್ತು ಹೌದಿಲ್ಲೋ? ನಾ ಇವನ್ನ ಮಡಿಲಾಗ ಇಟ್ಕೊಂಡು ಅತ್ತೆ" ಎಂದು ತನ್ನ ಮಾತಿಗೆ ತಾನೇ ನಕ್ಕಳು.

"ನಂಗೆ ಬರ್ತದೆ ಮೇಡಂ" ಎಂದಳು ಸುಷ್ಮಾ, ಕೈ ಮುಂದೆ ಚಾಚಿ. "ಇವ್ಳಿಗೆ ಬಂದಿತ್ತು. ನಾವು ಬದಲಿ ಮಾಡ್ಕಳ್ತಾ ಇದೀವಿ." ಹುಲಿಗೆಮ್ಮನ ಕಣ್ಣು ಒಂದು ಗಳಿಗೆ ಸುಪ್ರಿಯಾಳ ಕಡೆ ಬಂದು ಹೋಯಿತು. ಬೆಳಗಿನಿಂದ ಕಾದಿದ್ದ ಆತುರ ಆ ಮುಖದಿಂದ ಇಳಿಯಿತು. ಅವಳು ಅಂಕಿಗಳನ್ನು ಸುಷ್ಮಾಳ ಅಂಗೈಗೆ ಹಾಕಿದಳು. ಸುಷ್ಮಾ ಅವನ್ನು ಬಿಸಿಲಿಗೆ ಹಿಡಿದು, "ಎಷ್ಟು ಹೊಳೀತದೆ ನೋಡೆ" ಎಂದಳು. ಸೊನ್ನೆಯೊಂದು ಬಿಸಿಲಲ್ಲಿ ಉರಿಯಿತು. ಸುಪ್ರಿಯಾಗೆ ಕಂಡದ್ದು ಹೊಳೆ, ಅದರೊಳಕ್ಕೆ ಯೋಚಿಸದೆ ಹಾರುವ ಈ ಹುಡುಗಿ, ಅವಳ ಭುಜದ ಮೇಲೆ ಆ ಸೊನ್ನೆ. ಶನಿ ಸುಳ್ಳಿರಬಹುದು, ಸತ್ಯವೂ ಇರಬಹುದು. ಅದು ಗೊತ್ತಿಲ್ಲ. ನಾಳೆ ಸುಷ್ಮಾ ನೀರಿಗೆ ಇಳಿದಾಗಲೆಲ್ಲ ದಡದಲ್ಲಿ ನಿಂತು ಉಸಿರು ಬಿಗಿಹಿಡಿಯುವವಳು ತಾನು, ಅದು ಮಾತ್ರ ಗೊತ್ತು. ಅಂಥ ದಡದಲ್ಲಿ ಬದುಕೆಲ್ಲ ನಿಲ್ಲುವುದು ಹೇಗೆ?

"ಅದು ನಂದು."

ಯಾರು ಅಂದದ್ದೆಂದು ಅವಳೇ ಸುತ್ತ ನೋಡುವಂತಾಯಿತು. ಅಷ್ಟರಲ್ಲಿ ಅವಳ ಕೈ ಸುಷ್ಮಾಳ ಅಂಗೈಯಿಂದ ಅಂಕಿಗಳನ್ನು ತೆಗೆದುಕೊಂಡಾಗಿತ್ತು. ರೈಟರ್ ನಟರಾಜ್ ಬಾಗಿಲಿಗೆ ಬಂದು ನಿಂತಿದ್ದ. "ಏನಮ್ಮ, ಬದಲಿ ವಿಷ್ಯ ಹೇಳ್ಬೇಕು ಅಂದಿದ್ರಲ್ಲ ನಿಮ್ಮಪ್ಪ?"

"ಇಲ್ಲ ಸಾರ್. ಬದಲಿ ಬೇಡ."

"ಏ, ನಿಮ್ಮಪ್ಪನ ಬೈಕಿನ ನಂಬರ್ ಅಂದಿದ್ದೆ?" ಎಂದಳು ಸುಷ್ಮಾ.

"ಅಪ್ಪಯ್ಯಂಗೆ ಬೈಕೇ ಇಲ್ಲ."

ಆಮೇಲೆ ಉಳಿದದ್ದು ಬಂತು, ಕೋಣಂದೂರಿನಲ್ಲಿ ಬರಲಿಲ್ಲವಲ್ಲ, ಅದು. ಸರಿಯಾದ ವಾಕ್ಯಗಳಲ್ಲಿ ಬರಲಿಲ್ಲ. ಎಂಟು ಎಂದಳು, ಸಾಗರ ಎಂದಳು, ಮುಳುಗಿದವನ ಕಥೆ ಹೇಳಿದಳು, ಕೊನೆಗೆ ಮೀನಿನ ನಡುತುಂಡು ಎಂದಳು. ನಟರಾಜ್ ತನ್ನ ಹೆಸರು ಬಂದದ್ದೇ ಮೆಲ್ಲಗೆ ಒಳಗೆ ಸರಿದ. ಸುಷ್ಮಾ ಪೂರ್ತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ನಗು ಇಲ್ಲದಿದ್ದಾಗ ಅದು ಎಷ್ಟು ಅಪರಿಚಿತ ಎಂದು ಸುಪ್ರಿಯಾ ಮೊದಲ ಸಲ ಕಂಡಳು.

"ಅಂದ್ರೆ ಮುಳುಗೋ ನಂಬರ್ ನಂಗೆ ದಾಟಿಸ್ತಿದ್ದೆ" ಎಂದಳು ಸುಷ್ಮಾ. "ಸಾರು ಹಾಕಿ." ಟ್ರಂಕನ್ನು ಎತ್ತಿಕೊಂಡು ಅಂಗಳದ ಆ ತುದಿಗೆ ಹೋಗಿ ನಿಂತಳು.

ಹುಲಿಗೆಮ್ಮ ಸುಪ್ರಿಯಾಳ ಕೈಯಿಂದ ಅಂಕಿಗಳನ್ನು ತೆಗೆದುಕೊಂಡು ಒಂದೊಂದಾಗಿ ಅವಳ ಭುಜಕ್ಕೆ ಸಿಕ್ಕಿಸತೊಡಗಿದಳು. ಅವಳ ಉಸಿರಿನಲ್ಲಿ ಏಲಕ್ಕಿಯ ವಾಸನೆಯಿತ್ತು. "ಆ ಹುಡುಗ ಮುಳುಗಿದ ದಿನ ನಾನೂ ಹೊಳಿ ದಂಡಿ ಮ್ಯಾಲ ಇದ್ದೆ, ಆಗಿನ್ನೂ ನನಗ ನಂಬರ ಕೊಟ್ಟಿರಲಿಲ್ಲ" ಎಂದಳು, ಬೇರೆಯವರಿಗೆ ಕೇಳದ ಹಾಗೆ. "ಅವಗ ಈಜು ಬರ್ತಿರಲಿಲ್ಲವ್ವ. ಸಾಹೇಬ್ರು ನೀರಿಗೆ ಇಳಿ ಅಂದ್ರು. ನನಗ ಬರೂದಿಲ್ಲ ಅಂತ ಅಷ್ಟು ಮಂದಿ ಮುಂದ ಹೇಳಾಕ ನಾಚಿದ. ಇಳಿದ." ಕೊನೆಯ ಒಂಬತ್ತನ್ನು ಒತ್ತಿ, ಭುಜವನ್ನೊಮ್ಮೆ ತಟ್ಟಿದಳು. "ನೀ ಈಗ ಹೇಳಿದ್ಯಲ್ಲ. ಆತು ಬಿಡು."

ಈ ಠಾಣೆಯಲ್ಲಿ ಹಾಜರಿಯನ್ನು ಯಾರೂ ಕರೆಯುವುದಿಲ್ಲ, ಸಾಲಿನಲ್ಲಿ ನಿಂತವರು ಒಬ್ಬರ ಹಿಂದೊಬ್ಬರು ತಮ್ಮ ನಂಬರನ್ನು ತಾವೇ ಕೂಗಬೇಕು. ಸಾಲಿನ ಆ ತುದಿಯಿಂದ ಗಂಡಸರ ದನಿಗಳು ಒಂದೊಂದಾಗಿ ಹತ್ತಿರವಾದವು. ಪಕ್ಕದಲ್ಲಿ ಸುಷ್ಮಾ, ಕತ್ತು ನೆಟ್ಟಗೆ, ಕಣ್ಣು ಮುಂದೆ. ಸುಪ್ರಿಯಾಳ ಭುಜದ ಮೇಲೆ ಅಂಕಿಗಳಿಗೆ ಇಷ್ಟು ತೂಕವಿರುತ್ತದೆಂದು ಅವಳು ತಿಳಿದಿರಲಿಲ್ಲ. ಕನ್ನಡಿಯ ಮುಂದೆ ಒಬ್ಬಳೇ ನಿಂತ ಹುಲಿಗೆಮ್ಮ, ನೀರಿನ ಅಂಚಿನಲ್ಲಿ ನಾಚಿಕೊಂಡು ನಿಂತ ಹೆಸರೂ ತಿಳಿಯದ ಹುಡುಗ, ಗೋಡೆ ಹಿಡಿದು ಎದ್ದು ನಿಂತ ಅಜ್ಜಿ. ಕೂತಿರು ಅಜ್ಜಿ ಎನ್ನಬೇಕಿತ್ತು ಅವತ್ತು. ಮುಂದಿನ ಸಲ ಹೋದಾಗ ಪಕ್ಕದಲ್ಲೇ ಚಾಪೆಯ ಮೇಲೆ ಕೂರಬೇಕು, ಇದೇ ಬಟ್ಟೆಯಲ್ಲಿ. ಪಕ್ಕದವನ ದನಿ ಮುಗಿಯಿತು. ಸುಪ್ರಿಯಾ ಬಾಯಿ ತೆರೆದಳು.

"ಹದಿನೇಳು ಸೊನ್ನೆ ಒಂಬತ್ತು."

ದನಿ ಅಂಗಳ ದಾಟಿ ಎದುರಿನ ಗೋಡೆಗೆ ತಗುಲಿ ವಾಪಸು ಬಂತು. ಗೋಡೆಯ ಮೇಲೆ ಕೂತಿದ್ದ ಕಾಗೆಯೊಂದು ಹಾರಿತು. ಅದರ ಬೆನ್ನಿಗೇ, ಅದಕ್ಕಿಂತ ಜೋರಾಗಿ, ಹಠಕ್ಕೆ ಬಿದ್ದ ಹಾಗೆ, ಸುಷ್ಮಾ "ಹದಿನೇಳು ಹದಿನೈದು" ಎಂದು ಕೂಗಿದಳು.

ಹಾಜರಿ ಮುಗಿಯಿತು. ಇಬ್ಬರಿಗೂ ಕೊಟ್ಟ ಕೋಣೆ ಠಾಣೆಯ ಹಿಂದೆ; ಸುಷ್ಮಾ ಮುಂದೆ, ಸುಪ್ರಿಯಾ ಹಿಂದೆ, ನಡುವೆ ಟ್ರಂಕುಗಳ ಸದ್ದು. ಅಮ್ಮನ ಫೋನು ಬಂದಾಗ ಸುಪ್ರಿಯಾ ದಾರಿಯ ಬದಿಗೆ ನಿಂತು, "ಬದಲಾಯಿಸ್ಲಿಲ್ಲಮ್ಮ" ಎಂದಳು. ಬೈಗುಳಕ್ಕೆ ಕಾದಳು. ಅಮ್ಮ, ಭಾರವಾದದ್ದೇನನ್ನೋ ಇಳಿಸಿದವಳ ದನಿಯಲ್ಲಿ, "ಆ ಹುಡುಗಿಗೆ ಮತ್ತೊಂದ್ಸಲ ಮನೆಗೆ ಬಾ ಅಂತ ಹೇಳು" ಎಂದಳು.

ಸುಷ್ಮಾ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಹಿಂದಕ್ಕೆ ತಿರುಗದೆ ಚಿಲಕದ ಜೊತೆ ಗುದ್ದಾಡುತ್ತ, "ನಿಂಗೆ ಈಜು ಬರ್ತದಾ?" ಎಂದಳು.

"ಇಲ್ಲ."

"ಆ ನಂಬರ್ ಇಟ್ಕಂಡು ಈಜು ಬರಲ್ಲ ಅಂದ್ರೆ ಹೆಂಗೆ? ಡ್ಯೂಟಿ ಮುಗ್ದ ಮೇಲೆ ಹೊಳೆಗೆ ಬಾ. ಕಲಿಸ್ತೀನಿ." ಚಿಲಕ ಕಳಚಿ ಬಾಗಿಲು ತೆರೆದುಕೊಂಡಿತು. "ಮೊದ್ಲು ಎರಡು ಗುಟುಕು ನೀರು ಕುಡಿಸ್ತೀನಿ. ಅದು ಬೈಕಿನ ಲೆಕ್ಕಕ್ಕೆ."